ಮಳೆಗಿಂತ ಒಂದು ದಿನ ಮೊದಲು ಬಂದ ನೀರು

ಆ ಸುದ್ದಿಯನ್ನು ನಾನು ಹನ್ನೊಂದು ಸಾಲಿನಲ್ಲಿ ಬರೆದಿದ್ದೆ. ಹನ್ನೊಂದರಲ್ಲಿ ಒಂದು ಸಾಲೂ ಸುಳ್ಳಿರಲಿಲ್ಲ. ಯಾರು ಹೇಳಿದರು, ಎಲ್ಲಿ ಹೇಳಿದರು, ಏನು ಹೇಳಿದರು ಎಲ್ಲವೂ ಸರಿಯಾಗಿತ್ತು. ಆದರೂ ಅದು ಅಚ್ಚಾದ ಮೇಲೆ ಬಹಳ ದಿನ ನನಗೆ ಒಂದು ಕಡೆ ನೆಟ್ಟಗೆ ಕೂರಲಾಗಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಕೊಳ್ಳೇಗಾಲದಲ್ಲಿದ್ದುಕೊಂಡು ಮೈಸೂರಿನ ಒಂದು ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಕೊಳ್ಳೇಗಾಲ, ಹನೂರು, ಯಳಂದೂರು ನನ್ನ ಪಾಲಿನ ಊರುಗಳು. ಬೆಳಗಿನ ಬಸ್ಸಿನ ಕಂಡಕ್ಟರ ಕೈಯಲ್ಲಿ ಕವರು ಕೊಟ್ಟರೆ ಮಧ್ಯಾಹ್ನದ ಹೊತ್ತಿಗೆ ಅದು ಪತ್ರಿಕೆಯ ಕಚೇರಿಯಲ್ಲಿರುತ್ತಿತ್ತು. ಮಳೆಗಾಲದಲ್ಲಿ ಕವರಿನೊಳಗೆ ತಪ್ಪದೆ ಇರುತ್ತಿದ್ದ ಒಂದು ಸಾಲು ಮಳೆಯದು. ತಾಲ್ಲೂಕು ಕಚೇರಿಗಳ ಗುಮಾಸ್ತರನ್ನು ಕೇಳಿ, ‘ನಿನ್ನೆ ಇಷ್ಟು ಮಳೆಯಾಗಿದೆ’ ಎಂದು ಬರೆಯುತ್ತಿದ್ದೆ. ಈ ‘ನಿನ್ನೆ’ಯನ್ನು ಎಷ್ಟು ಸಲ ಬರೆದಿದ್ದೆನೋ, ಅದರ ಕಡೆ ಒಮ್ಮೆಯೂ ನೋಡಿರಲಿಲ್ಲ.

ಆ ವರ್ಷ ಹನೂರಿನ ಕಡೆ ತಗ್ಗಿನ ಹೊಲಗಳಿಗೆ ನೀರು ಕೊಡಲು ಒಂದು ಕಟ್ಟೆಯ ಯೋಚನೆ ಬಂತು. ಬೆಟ್ಟದಲ್ಲಿ ಹುಟ್ಟಿ ಆ ಕಡೆ ಇಳಿಯುವ ಒಂದು ಹಳ್ಳಕ್ಕೆ ಅಡ್ಡ ಕಟ್ಟಬೇಕು. ಎಲ್ಲಿ ಕಟ್ಟಬೇಕು, ಕಟ್ಟಿದರೆ ಏನು ಮುಳುಗುತ್ತದೆ, ಕಾಡಿಗೆ ಏನಾಗುತ್ತದೆ, ಕೆಳಗಿನ ಮಣ್ಣು ಸವಳು ಹಿಡಿಯುತ್ತದೋ ಇಲ್ಲವೋ ಎಂದು ಮೊದಲೇ ನೋಡಿ ಹೇಳಲು ಮೂವರನ್ನು ಒಟ್ಟಿಗೆ ಹಾಕಿದ್ದರು: ಕೊಳ್ಳೇಗಾಲದಿಂದ ಒಬ್ಬ ಎಂಜಿನಿಯರು, ಯಳಂದೂರಿನಿಂದ ಮಣ್ಣು ಪರೀಕ್ಷೆ ಬಲ್ಲ ಕೃಷಿ ಅಧಿಕಾರಿ, ಬೆಟ್ಟದಿಂದ ಅರಣ್ಯದ ರೇಂಜರು. ಕಟ್ಟುವ ಮೊದಲು ಹೀಗೆ ಕೂತು ನೋಡುವುದು ನಮ್ಮ ಕಡೆ ಹೊಸದು. ಅದಕ್ಕೊಂದು ಹೆಸರೂ ಇರಲಿಲ್ಲ. ‘ಜಂಟಿ ತಪಾಸಣೆ’ ಎನ್ನುತ್ತಿದ್ದರು.

ಜಂಟಿಯಾಗುವುದು ಸುಲಭವಿರಲಿಲ್ಲ. ಕೊಳ್ಳೇಗಾಲ ೧೯೫೬ರವರೆಗೆ ಮದ್ರಾಸಿನದು, ಯಳಂದೂರು ಮೊದಲಿನಿಂದಲೂ ಮೈಸೂರಿನದು. ರಾಜ್ಯ ಒಂದಾಗಿ ಅಷ್ಟು ವರ್ಷವಾಗಿದ್ದರೂ ಕಾಗದಗಳು ಒಂದಾಗಿರಲಿಲ್ಲ. ಎಂಜಿನಿಯರ ಕಚೇರಿಯ ಹಳೆಯ ಕಡತಗಳಲ್ಲಿ ಎಕರೆ, ಸೆಂಟು. ಯಳಂದೂರಿನವುಗಳಲ್ಲಿ ಎಕರೆ, ಗುಂಟೆ. ಈ ಹಳ್ಳದ ವಿಷಯದಲ್ಲಂತೂ ಮಳೆ ಬೀಳುವುದು ಹಳೆಯ ಮೈಸೂರಿನಲ್ಲಿ, ನೀರು ಹರಿಯುವುದು ಹಳೆಯ ಮದ್ರಾಸಿನಲ್ಲಿ. ಮಳೆ ಅಳೆಯುವ ಡಬ್ಬಿ ಬೆಟ್ಟದ ಮೇಲೆ, ನೀರಿನ ಮಟ್ಟ ಗುರುತಿಸುವ ಕಲ್ಲು ಬೆಟ್ಟದ ಬುಡದಲ್ಲಿ. ಆ ಎರಡು ರಿಜಿಸ್ಟರುಗಳನ್ನು ಅದುವರೆಗೆ ಯಾರೂ ಒಂದೇ ಮೇಜಿನ ಮೇಲೆ ಇಟ್ಟಿರಲಿಲ್ಲ.

ಮಳೆ ಅಳೆಯುತ್ತಿದ್ದವರು ಒಬ್ಬ ಸೋಲಿಗರು. ಐವತ್ತು ದಾಟಿದ ಮನುಷ್ಯ. ಚಿಕ್ಕಂದಿನಲ್ಲಿ ಒಂದು ಕಾಫಿ ತೋಟದಲ್ಲಿ ಕೆಲಸ ಮಾಡುವಾಗ ಅಲ್ಲಿನ ಲೆಕ್ಕ ಬರೆಯುವ ರೈಟರು ಅಂಕಿ, ತಾರೀಕು ಬರೆಯಲು ಕಲಿಸಿದ್ದರಂತೆ. ಅವರ ಪೋಡು, ಎಂದರೆ ಸೋಲಿಗರ ಕೇರಿ, ಹಳ್ಳದ ಮೇಲಿನ ಕಣಿವೆಯಲ್ಲೇ ಇತ್ತು. ಸುಮಾರು ಇಪ್ಪತ್ತು ಗುಡಿಸಲು, ರಾಗಿ ಬೆಳೆಯುವ ಇಳಿಜಾರು, ಹಿರಿಯರನ್ನು ಮಣ್ಣು ಮಾಡಿದ ಜಾಗ.

ಕಟ್ಟೆಗೆ ನೋಡಿದ ಜಾಗ ಎರಡು. ಬೆಟ್ಟದಲ್ಲಿ ಆಗಾಗ ಚೆನ್ನಾಗಿ ಮಳೆಯಾಗುತ್ತದೆ ಎಂದಾದರೆ ಕೆಳಗೊಂದು ಚಿಕ್ಕ ಒಡ್ಡು ಸಾಕು. ಅದು ತುಂಬುತ್ತಲೇ ಇರುತ್ತದೆ. ಮಳೆ ಅಪರೂಪ ಎಂದಾದರೆ ಬಂದದ್ದನ್ನೆಲ್ಲ ಹಿಡಿದಿಡಲು ಮೇಲಿನ ಕಣಿವೆಯಲ್ಲಿ ಎತ್ತರದ ಕಟ್ಟೆ ಬೇಕು. ಆಗ ಪೋಡು ಮುಳುಗುತ್ತದೆ. ಆ ಮನುಷ್ಯ ವರ್ಷಗಟ್ಟಲೆ ಬರೆದ ಅಂಕಿಗಳು ಮೊದಲನೆಯದನ್ನೇ ಹೇಳುತ್ತಿದ್ದವು.

ತಪಾಸಣೆಯ ದಿನ ನಾನೂ ಜೀಪಿನ ಹಿಂದೆ ಕೂತು ಹೋಗಿದ್ದೆ. ಬೆಟ್ಟದ ಬುಡದಲ್ಲಿ, ನೀರಿನ ಕಲ್ಲಿನ ಹತ್ತಿರ, ಎಂಜಿನಿಯರು ಎರಡೂ ರಿಜಿಸ್ಟರಿನಿಂದ ಇಳಿಸಿಕೊಂಡಿದ್ದ ಹಾಳೆ ತೆಗೆದರು. ಓದುತ್ತ ಓದುತ್ತ ಅವರ ಮುಖ ಬಿಗಿಯಿತು. ಹಳ್ಳಕ್ಕೆ ದೊಡ್ಡ ನೀರು ಬಂದ ದಿನ ಬೆಟ್ಟದ ಪುಸ್ತಕದಲ್ಲಿ ಮಳೆಯೇ ಇಲ್ಲ. ಮಳೆ ಇರುವುದು ಮಾರನೆಯ ದಿನ. ಒಂದು ಸಲವಲ್ಲ, ನೋಡಿದ ಕಡೆಯೆಲ್ಲ ಹಾಗೆ.

ಅವರು ಕೃಷಿ ಅಧಿಕಾರಿಯ ಕಡೆ ತಿರುಗಿ ನಕ್ಕರು. “ನಿಮ್ಮ ಮೈಸೂರಿನ ಮಳೆಗೆ ಅವಸರವೇ ಇಲ್ಲ ನೋಡಿ. ನೀರು ಮೊದಲು ಬಂದುಬಿಡುತ್ತೆ, ಮಳೆ ಊಟ ಮುಗಿಸಿ ನಿಧಾನವಾಗಿ ಬರುತ್ತೆ.”

ಕೃಷಿ ಅಧಿಕಾರಿ, ನಿಮ್ಮ ನೀರಿನ ಕಲ್ಲಿಗೆ ಎಮ್ಮೆ ಮೈ ಉಜ್ಜುತ್ತಿರುವುದನ್ನು ಮೊದಲು ನೋಡಿಕೊಳ್ಳಿ ಎಂದರು. ಎಂಜಿನಿಯರು ನಗು ನಿಲ್ಲಿಸಿ ನನ್ನ ಕಡೆ ನೋಡಿ, ಬೆಟ್ಟದ ಅಂಕಿಗಳನ್ನು ನಂಬುವ ಹಾಗಿಲ್ಲ, ಕೂತಲ್ಲೇ ಬರೆದಂತಿದೆ, ಅವನ್ನು ಬಿಟ್ಟು ಯಳಂದೂರಿನ ಬಯಲಿನ ಮಳೆಯನ್ನೇ ಹಿಡಿಯುತ್ತೇವೆ ಎಂದರು. ಬಯಲಿನ ಮಳೆ ಎಂದರೆ ಬೆಟ್ಟಕ್ಕಿಂತ ಬಹಳ ಕಡಿಮೆ. ಅಂದರೆ ಕಟ್ಟೆ ಮೇಲಿನ ಕಣಿವೆಗೆ. ನಾನು ಬರೆದುಕೊಂಡೆ. ಸಂಜೆಯ ಹೊತ್ತಿಗೆ ಹನ್ನೊಂದು ಸಾಲು ಸಿದ್ಧವಾಯಿತು. ಮಳೆ ಅಳೆಯುವವರನ್ನು ಕೇಳಬೇಕು ಎಂದು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಬೆಟ್ಟಕ್ಕೆ ಹೋಗಿ ಬರಲು ಎರಡು ದಿನ ಬೇಕು, ಕವರು ಬೆಳಗಿನ ಬಸ್ಸಿಗೆ ಹೋಗಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆನೋ ಏನೋ. ಪತ್ರಿಕೆಯವರು ಮೇಲೊಂದು ತಲೆಬರಹ ಕೊಟ್ಟರು: ‘ಬೆಟ್ಟದ ಮಳೆ ಲೆಕ್ಕ ಸುಳ್ಳು’.

ಮುಂದಿನ ವಾರ ಕೊಳ್ಳೇಗಾಲದ ಬಸ್ ನಿಲ್ದಾಣದ ಹತ್ತಿರ, ನಾನು ದಿನಾ ಕಾಫಿ ಕುಡಿಯುವ ಹೋಟೆಲಿನ ಮುಂದೆ, ಆ ಮಳೆ ಅಳೆಯುವವರು ನಿಂತಿದ್ದರು. ನಾನು ಅವರನ್ನು ಅದುವರೆಗೆ ನೋಡಿರಲಿಲ್ಲ. ಹೋಟೆಲಿನವರು ಅವರಿಗೆ ನನ್ನ ಕಡೆ ಕೈ ತೋರಿಸಿದರು. ಅವರು ಅಂಗಿಯ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಪತ್ರಿಕೆಯ ಚೂರು ತೆಗೆದರು.

“ಇದ ಬರ್ದೋರು ನೀವೇಯಾ ಸಾ?”

ಹೌದು ಎಂದೆ. ಎಂಜಿನಿಯರು ಹೇಳಿದ್ದನ್ನು ಬರೆದದ್ದು, ನಾನಾಗಿ ಹೇಳಿದ್ದಲ್ಲ ಎಂದೂ ಸೇರಿಸಿದೆ. ಹೇಳುತ್ತಿರುವಾಗಲೇ ಅದು ನನಗೆ ಹಿಡಿಸಲಿಲ್ಲ.

“ನಮ್ ಪೋಡ್ನಲ್ಲಿ ಓದೋನು ಒಬ್ನೇ ಅವ್ನೆ. ಅವ ಎಲ್ಲಾರ್ ಮುಂದೂ ಓದ್ಬುಟ್ಟ. ಈಗ ನನ್ ಸುಳ್ಳಿಂದ್ಲೇ ಊರು ಮುಳ್ಗೋದು ಅಂತಾವ್ರೆ.” ಚೂರನ್ನು ಮತ್ತೆ ಮಡಿಸಿದರು. “ನೀವು ಒಂದಿನ ಬಂದು ನೋಡಿ ಸಾ. ನೋಡಿ ಆಮ್ಯಾಕೆ ಏನಾರ ಬರ್ಕಳಿ.”

ಕಾಫಿ ಕುಡಿಯಿರಿ ಎಂದರೆ ಒಲ್ಲೆ ಎಂದರು. ಯಳಂದೂರಿನ ಬಸ್ಸು ಹತ್ತಿ ಹೋದರು.

ಅಂದಿನಿಂದ ನನಗೆ ಕಳವಳ ಹಿಡಿಯಿತು. ಕೌದಳ್ಳಿಯಲ್ಲಿ ಸಂತೆ ಜಾಗದ ತಕರಾರು, ಧನಗೆರೆಯಲ್ಲಿ ಕಾಲುವೆ ಒಡೆದದ್ದು, ಎಲ್ಲಕ್ಕೂ ಹೋಗಿ ಬಂದೆ, ಯಾವುದನ್ನೂ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಪತ್ರಿಕೆಗೆ ಕಾಗದ ಬರೆದು ಹರಿದೆ. ತಪಾಸಣೆಯವರು ವರದಿಗೆ ಸಹಿ ಹಾಕಲು ತಿಂಗಳ ಕೊನೆಗೆ ಕೊಳ್ಳೇಗಾಲದ ಪ್ರವಾಸಿ ಬಂಗಲೆಯಲ್ಲಿ ಸೇರುವವರಿದ್ದರು. ಒಂದು ಮಧ್ಯಾಹ್ನ ಕೆಲಸವಿದ್ದೂ ಬಿಟ್ಟು ಯಳಂದೂರಿಗೆ ಹೋಗಿ ಬೆಟ್ಟದ ಬಸ್ಸು ಹತ್ತಿದೆ. ಅಂದು ಸಂಜೆ ಬೆಟ್ಟದಲ್ಲಿ ಜೋರು ಮಳೆ. ರೇಂಜರ ವಸತಿಯ ಜಗುಲಿಯಲ್ಲಿ ಉಳಿದುಕೊಂಡೆ.

ಬೆಳಿಗ್ಗೆ ಎಂಟಕ್ಕೆ ಹತ್ತು ನಿಮಿಷವಿರುವಾಗ ಮಳೆ ಅಳೆಯುವವರು ಬಂದರು. ಪಕ್ಕದ ರೇಂಜರ ಕಚೇರಿಯ ಗೋಡೆ ಗಡಿಯಾರ ಎಂಟು ಹೊಡೆಯುವವರೆಗೆ ಅದರ ಅಂಗಳದ ಮಳೆ ಡಬ್ಬಿಯ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಆಮೇಲೆ ಮೇಲಿನ ಆಲಿಕೆ ತೆಗೆದು, ಒಳಗಿನ ಸೀಸೆಯ ನೀರನ್ನು ಗೆರೆ ಹಾಕಿದ ಗಾಜಿನ ಲೋಟಕ್ಕೆ ಬಗ್ಗಿಸಿದರು. ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರು. ನನಗೂ ತೋರಿಸಿದರು. ನೀರು ಚೆಲ್ಲಲಿಲ್ಲ, ಮತ್ತೊಮ್ಮೆ ಅಳೆದು ಆಮೇಲೆ ಚೆಲ್ಲಿದರು. ರಿಜಿಸ್ಟರು ತೆರೆದು ಅಂಕಿ ಬರೆದರು. ಎದುರಿಗೆ ತಾರೀಕು ಬರೆದರು.

ಆ ದಿನದ ತಾರೀಕು.

ಮಳೆ ಬಿದ್ದದ್ದು ನಿನ್ನೆ ಸಂಜೆ. ಜಗುಲಿಯಲ್ಲಿ ಕೂತು ನಾನೇ ಕೇಳಿದ್ದೆ. ಯಳಂದೂರಿನ ತಾಲ್ಲೂಕು ಕಚೇರಿಯಲ್ಲೂ ಬೆಳಿಗ್ಗೆ ಎಂಟಕ್ಕೇ ಅಳೆಯುತ್ತಾರೆ, ಆದರೆ ಹಿಂದಿನ ದಿನದ ಸಾಲಿನಲ್ಲಿ ಬರೆಯುತ್ತಾರೆ. ಅಲ್ಲಿಂದಲೇ ಅಲ್ಲವೆ ನನ್ನ ‘ನಿನ್ನೆ’ ಬರುತ್ತಿದ್ದದ್ದು! ಬುಡದಲ್ಲಿ ಹಳ್ಳದ ನೀರನ್ನು ಬಂದ ದಿನವೇ ಬರೆಯುತ್ತಾರೆ. ಬೆಟ್ಟದಲ್ಲಿ ಇವರೊಬ್ಬರು ಮಾತ್ರ ಅಳೆದ ದಿನಕ್ಕೆ ಬರೆಯುತ್ತಿದ್ದರು. ತೋಟದ ರೈಟರು ಹಾಗೆ ಕಲಿಸಿದ್ದರು. ಅದನ್ನು ಬೇರೆ ಯಾರೂ ಕೇಳಿರಲಿಲ್ಲ, ಅವರು ಬೇರೆ ಯಾರಿಗೂ ಹೇಳಿರಲಿಲ್ಲ.

ಇಳಿಯುವ ಬಸ್ಸಿಗೆ ಕಾಯಲಾರದೆ ಮರ ಸಾಗಿಸುವ ಒಂದು ಲಾರಿಯಲ್ಲಿ ಇಳಿದೆ. ಎಂಜಿನಿಯರು ನಾನು ಹೇಳಿದ್ದನ್ನು ಕೇಳಿಸಿಕೊಂಡು, ಪತ್ರಿಕೆಯವರ ಮಾತಿನ ಮೇಲೆ ವರದಿ ತಿದ್ದಲಾಗುವುದಿಲ್ಲ ಎಂದರು. ಆ ಮಾತು ನ್ಯಾಯವಾಗಿಯೇ ಇತ್ತು. ಯಳಂದೂರಿಗೆ ಹೋಗಿ ಕೃಷಿ ಅಧಿಕಾರಿಗೆ ಹೇಳಿದೆ. ಅವರು, ಇಳಿಸಿಕೊಂಡ ಹಾಳೆ ಬೇಡ, ಬೆಟ್ಟದ್ದು, ಹಳ್ಳದ್ದು, ತಾಲ್ಲೂಕು ಕಚೇರಿಯದು ಮೂರೂ ಮೂಲ ರಿಜಿಸ್ಟರುಗಳೇ ಬರಲಿ, ಬರೆದವರೂ ಬರಲಿ ಎಂದು ಕಾಗದ ಬರೆದರು. ರೇಂಜರೂ ಅದಕ್ಕೆ ಸಹಿ ಹಾಕಿದರು.

ಬಂಗಲೆಯ ಮೇಜಿನ ಮೇಲೆ ಮೂರು ರಿಜಿಸ್ಟರು ಸಾಲಾಗಿ ತೆರೆದಿಟ್ಟ ದಿನ ನನ್ನನ್ನು ಬಾಗಿಲ ಬಳಿ ನಿಲ್ಲಲು ಬಿಟ್ಟರು. ಕೃಷಿ ಅಧಿಕಾರಿ ಒಂದು ಕಾಗದದ ಪಟ್ಟಿ ಕತ್ತರಿಸಿ ಅದರ ಮೇಲೆ ಬೆಟ್ಟದ ಒಂದು ತಿಂಗಳ ಮಳೆಯನ್ನು ಇಳಿಸಿದರು. ಹಳ್ಳದ ರಿಜಿಸ್ಟರಿನ ಪಕ್ಕಕ್ಕಿಟ್ಟು ಒಂದು ಸಾಲು ಮೇಲಕ್ಕೆ ಜರುಗಿಸಿದರು. ಮಳೆಯೂ ನೀರೂ ಎದುರುಬದುರಾದವು. ಎಂಜಿನಿಯರು ಪಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡು ಇನ್ನೊಂದು ತಿಂಗಳಿಗೆ ಇಟ್ಟರು, ಮತ್ತೊಂದಕ್ಕೆ ಇಟ್ಟರು. ಮಳೆಗಾಲ ಪೂರ್ತಿ ಇಟ್ಟು ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

ಗೋಡೆಗೆ ಒರಗಿ ನಿಂತಿದ್ದ ಮಳೆ ಅಳೆಯುವವರಿಗೆ ಕುರ್ಚಿ ಕೊಡಿ ಎಂದರು. ಅವರು ಕೂರಲಿಲ್ಲ. ಇನ್ನು ಮುಂದೆ ಎಲ್ಲರ ಹಾಗೆ ಹಿಂದಿನ ದಿನದ ಸಾಲಿಗೇ ಬರೆಯಿರಿ ಎಂದು ಎಂಜಿನಿಯರು ಮೆತ್ತಗೆ ಹೇಳಿದರು.

“ನಾ ನೋಡಿದ್ ದಿನ್ಕೆ ಬರೀತೀನಿ ಸಾ,” ಎಂದರು ಅವರು. “ನೋಡ್ದೇ ಇರೋ ದಿನ್ಕೆ ಎಂಗ್ ಬರೀಲಿ? ಅದು ಸುಳ್ಳಾಗಲ್ವಾ?”

ಅದರ ಮೇಲೆ ಮೂರು ಕಚೇರಿಯವರು ಅರ್ಧ ಗಂಟೆ ವಾದ ಮಾಡಿದರು. ಕೊನೆಗೆ ಮೂರೂ ರಿಜಿಸ್ಟರಿಗೆ ಒಂದು ಹೊಸ ಕಾಲಂ ಹಾಕುವುದೆಂದಾಯಿತು: ಅಳೆದ ದಿನ, ಗಂಟೆ. ಮಳೆ ಯಾವ ದಿನದ್ದೆಂದು ಆಮೇಲೆ ಯಾರು ಬೇಕಾದರೂ ಕೂಡಿಸಿಕೊಳ್ಳಲಿ. ವರದಿಯಲ್ಲಿ ಬೆಟ್ಟದ ಅಂಕಿಗಳು ಉಳಿದವು, ಕೆಳಗಿನ ಚಿಕ್ಕ ಒಡ್ಡು ಉಳಿಯಿತು. ಅದಕ್ಕೂ ಕೆಲವರ ಹೊಲದ ಅಂಚು ಹೋಗುವುದಿತ್ತು. ಆ ಹೊಲದವರು ಆ ವರ್ಷವೆಲ್ಲ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಪೋಡು ಮಾತ್ರ ಇದ್ದಲ್ಲೇ ಇತ್ತು.

ನಾನು ತಿದ್ದುಪಡಿ ಬರೆದು ಕಳಿಸಿದೆ. ಅದೂ ಹನ್ನೊಂದು ಸಾಲು. ಪತ್ರಿಕೆಯಲ್ಲಿ ಬಂದದ್ದು ನಾಲ್ಕು, ಒಳಪುಟದ ಕೊನೆಯಲ್ಲಿ, ತಲೆಬರಹವಿಲ್ಲದೆ. ಹತ್ತು ದಿನ ಬಿಟ್ಟು ಅದನ್ನು ಕತ್ತರಿಸಿಕೊಂಡು ನಾನೇ ಬೆಟ್ಟಕ್ಕೆ ಹೋದೆ. ಆ ದಿನದ ಪತ್ರಿಕೆ ಅಲ್ಲಿಗೆ ಬಂದೇ ಇರಲಿಲ್ಲ. ಮಳೆ ಅಳೆಯುವವರು ಚೂರನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಮೊದ್ಲಿಂದು ಇದ್ಕಿಂತ ದೊಡ್ಡದಿತ್ತು,” ಎಂದರು.

ಅವರು ಕಚೇರಿಯ ಒಳಗೆ ಹೋಗಿ ರಿಜಿಸ್ಟರು ತಂದು, ಮೊದಲ ಹಾಳೆಯ ಖಾಲಿ ಜಾಗ ತೋರಿಸಿ, ಅಲ್ಲಿ ಕೈಯಲ್ಲೇ ಬರೆದುಕೊಡಿ ಎಂದರು. ಇದರಲ್ಲಿರುವುದು ನಿಜ, ಸುಳ್ಳೆಂದು ಅಚ್ಚಾದದ್ದು ತಪ್ಪು, ವಿಚಾರಿಸದೆ ಬರೆದವನು ನಾನು ಎಂದು ಬರೆದೆ. ಸಹಿ ಹಾಕಿದೆ. ತಾರೀಕು ಹಾಕಿ ಪೆನ್ನು ಮುಚ್ಚುವಷ್ಟರಲ್ಲಿ ಅವರು ಬೆರಳಿಟ್ಟು ತಡೆದರು.

“ಗಂಟೆನೂವೆ ಬರೀರಿ ಸಾ.”

ಗೋಡೆ ಗಡಿಯಾರ ನೋಡಿ ಬರೆದೆ.