ಯೌಕೆಯ ಹಗಲು ಗೊರಕೆ

ಯೌಕೆಯ ಗೊರಕೆಗೆ ಕಾಲುವೆಯ ದೋಣಿಗಳು ದಾರಿ ತಪ್ಪುತ್ತಿದ್ದವು, ಗಾಳಿಗಿರಣಿಯ ರೆಕ್ಕೆಗಳು ಗಾಳಿಯಿಲ್ಲದೆಯೇ ತಿರುಗುತ್ತಿದ್ದವು ಎಂದು ಫ್ರೀಸ್‌ಲ್ಯಾಂಡಿನ ಆ ಹಳ್ಳಿ ಇಂದಿಗೂ ಆಣೆಯಿಟ್ಟು ಹೇಳುತ್ತದೆ. ಅದೂ ಹಾಡಹಗಲ ಗೊರಕೆ.

ಪಾಪ, ಯೌಕೆ ಜನ್ಮದಲ್ಲಿ ಗೊರಕೆ ಹೊಡೆದವನಲ್ಲ. ಗೊರಕೆ ಡ್ರುಕ್ಕರನದು. ಅವನು ಆಮ್‌ಸ್ಟರ್‌ಡ್ಯಾಮಿನ ಯಹೂದಿ ದರ್ಜಿ. ಜರ್ಮನರು ತನ್ನವರನ್ನು ರೈಲಿಗೆ ತುಂಬತೊಡಗಿದಾಗ ಬಂದು ಯೌಕೆಯ ಮನೆ ಸೇರಿದ್ದ. ಇರುಳೆಲ್ಲ ಹೆದರಿ ಎಚ್ಚರವಿದ್ದು, ಹಗಲು ಗೋಡೆಯೊಳಗೆ ಕಪಾಟಿನಂತೆ ಬಾಗಿಲು ಹಾಕಿದ ಮಂಚದಲ್ಲಿ ಸತ್ತಂತೆ ಮಲಗುತ್ತಿದ್ದ. ತಟ್ಟಿ ಎಬ್ಬಿಸಿದರೆ ಕಿರುಚುತ್ತಿದ್ದ. ಹಾಗಾಗಿ ಯಾರಾದರೂ ಬಂದರೆ, ಗೊರಕೆ ತನ್ನದೆನಿಸಲು ಯೌಕೆಯೇ ಓಡಿ ಕೊಟ್ಟಿಗೆಯಲ್ಲಿ ಅವಿತುಕೊಳ್ಳಬೇಕಿತ್ತು.

"ನನ್ನ ಮನೇಲಿ ನಾನೊಂದು ಕಪ್ ಕಾಫಿ ಪೂರ್ತಿ ಕುಡಿದು ಎರಡು ವರ್ಷವಾಯ್ತು," ಎಂದು ಅವನು ರೇಗುತ್ತಿದ್ದ. "ಊರೆಲ್ಲ ಸೋಮಾರಿ ಅಂತಿದೆ. ಹಸು ಕರೆಯೋದು ಯಾರಂತೆ, ಗೊರಕೇನಾ?"

"ಅದೇನು ಕಾಫಿನಾ ಬಿಡಿ, ಹುರಿದ ಬಾರ್ಲಿ," ಎನ್ನುತ್ತಿದ್ದಳು ಹೆಂಡತಿ ಹಿಸ್ಕೆ.

ಡ್ರುಕ್ಕರ್ ನಾಚುತ್ತಿದ್ದ. "ಮೂಗಿಗೆ ನಾಲ್ಕು ಹೊಲಿಗೆ ಹಾಕ್ಕೊಂಡುಬಿಡಲಾ, ಯಜಮಾನರೇ?"

ಒಂದು ಮಧ್ಯಾಹ್ನ, ಜರ್ಮನರ ಜೊತೆ ಸೇರಿಕೊಂಡಿದ್ದ ಊರ ಪೊಲೀಸ್ ವೊಪ್ಕೆ ಬಂದ. ಯೌಕೆ ಆಗಲೇ ಕೊಟ್ಟಿಗೆಯಲ್ಲಿದ್ದ.

"ಗಂಡನ್ನ ಎಬ್ಬಿಸು, ಹಿಸ್ಕೆ ಅಕ್ಕ."

ಹಿಸ್ಕೆ ಕೊಟ್ಟಿಗೆಗೂ ಕೇಳುವಂತೆ ಕೂಗಿದಳು. "ನೀನೇ ಎಬ್ಬಿಸ್ಕೋ. ಆದ್ರೆ ಬೂಟು ಬಿಚ್ಚಪ್ಪ, ನೆಲ ಈಗಷ್ಟೇ ಉಜ್ಜಿದ್ದೀನಿ."

ದೇಶವನ್ನೇ ಮಾರಿಕೊಂಡವನಿಗೂ ಉಜ್ಜಿದ ನೆಲ ತುಳಿಯುವ ಎದೆಗಾರಿಕೆ ಆ ಊರಲ್ಲಿರಲಿಲ್ಲ. "ನಮ್ಮಮ್ಮನದೂ ಇದೇ ಗೋಳು," ಎಂದು ಗೊಣಗುತ್ತ ವೊಪ್ಕೆ ಕೂತು ಬೂಟಿನ ಲೇಸು ಬಿಚ್ಚತೊಡಗಿದ.

ಅಷ್ಟರಲ್ಲಿ ಯೌಕೆ ಕೊಟ್ಟಿಗೆಯ ಕಡೆಯಿಂದ ಮಂಚದ ಹಿಂದಿನ ಸಡಿಲ ಹಲಗೆ ಸರಿಸಿ, ಡ್ರುಕ್ಕರನ ಬಾಯಿ ಒತ್ತಿ ಕೊಟ್ಟಿಗೆಯ ಹುಲ್ಲಿನೊಳಕ್ಕೆ ಎಳೆದು, ತಾನು ಮಂಚಕ್ಕೆ ನುಗ್ಗಿ ಹೊದ್ದುಕೊಂಡ. ಗೊರಕೆ ನಿಂತುಹೋಗಿತ್ತು. ಈಗ ತಪ್ಪಿದರೆ ಮೂವರಿಗೂ ಉಳಿಗಾಲವಿಲ್ಲ. ತಾನೇ ಗೊರಕೆ ಹೊಡೆದ, ಬಾವಿಗೆ ಬಿದ್ದ ಬೆಕ್ಕಿನ ಹಾಗೆ.

ವೊಪ್ಕೆ ಮಂಚದ ಬಾಗಿಲು ತೆರೆದ. ಹೊದಿಕೆಯ ತುದಿಯಲ್ಲಿ ಸಗಣಿ ಮೆತ್ತಿದ ಎರಡು ಮರದ ಜೋಡು.

"ಜೋಡು ಹಾಕ್ಕೊಂಡೇ ಮಲಗ್ತಾನಾ?"

ತನ್ನ ಬಿಳಿ ಹಾಸಿಗೆ ಕಂಡು ಹಿಸ್ಕೆಗೆ ನಿಜವಾಗಿಯೂ ಪಿತ್ತ ನೆತ್ತಿಗೇರಿತು. "ಇಪ್ಪತ್ತು ವರ್ಷದಿಂದ ಹೇಳ್ತಿದ್ದೀನಿ, ಕೇಳ್ತಾರಾ? ಒಗೆಯೋಳು ನಾನು. ನೀನಾದ್ರೂ ಬುದ್ಧಿ ಹೇಳಪ್ಪ."

ಬೈಗುಳ ಮುಗಿಯುವ ಲಕ್ಷಣ ಕಾಣಲಿಲ್ಲ. ಗಂಡಸಿನ ಕಷ್ಟ ಗಂಡಸಿಗೆ ಗೊತ್ತು; ವೊಪ್ಕೆ ಬೂಟು ಎತ್ತಿಕೊಂಡು ಸದ್ದಿಲ್ಲದೆ ಹೊರಟುಹೋದ.

ಯುದ್ಧ ಮುಗಿದು, ಡ್ರುಕ್ಕರ್ ಜೀವಂತವಾಗಿ ಬೀದಿಗೆ ಬಂದ ದಿನ ಪತ್ರಿಕೆಯವನೊಬ್ಬ ಯೌಕೆಯನ್ನು ಹಿಡಿದ. "ಅಷ್ಟೊಂದು ಧೈರ್ಯ ಎಲ್ಲಿಂದ ಬಂತು, ಯಜಮಾನರೇ?"

"ಅದಿರಲಿ," ಎಂದ ಯೌಕೆ. "ನನಗೆ ಗೊರಕೆ ಬರಲ್ಲ. ಮೊದಲು ಅದನ್ನ ಬರ್ಕೊಳ್ಳಿ."