ನೆರಳಲ್ಲಿ ನಿಂತ ಕಾರಿನ ಬಿಸಿ ಬಾನೆಟ್

ಗೆಳೆಯರೇ, ದೇವದುರ್ಗದ ಶಾಲೆಗೆ ವರ್ಗವಾದ ನನ್ನ ಹೆಂಡತಿ ರಾಯಚೂರಿನಿಂದ ಓಡಾಡಲಿ ಎಂದು ಇಂದು ಮಾನ್ವಿಯಲ್ಲಿ ಹಳೆಯ ಡೀಸೆಲ್ ಕಾರೊಂದನ್ನು ನೋಡಿದೆವು. ಬೇವಿನ ನೆರಳಲ್ಲಿತ್ತು. ಆಕೆ ಬಾನೆಟ್ ಮುಟ್ಟಿ ಕೇಳಿದಳು:

"ಇವತ್ತು ಚಾಲೂ ಮಾಡಿಲ್ಲ ಅಂದ್ರಿ, ಮತ್ತ ಯಾಕ ಇಷ್ಟು ಬಿಸಿ ಅದರೀ?"

"ನಮ್ಮ ಕಡಿ ಬಿಸಿಲಽ ಹಂಗ್ರೀ ಅಕ್ಕಾರ," ಎಂದರು ಮಾಲೀಕರು.

"ಹಂಗಾದ್ರ ತಣ್ಣಗಾಗೂತನ ಕುಂದರ್ತೀವಿ ಬಿಡ್ರಿ."

ಅವರ ಮನೆಯಲ್ಲೇ ನಮ್ಮ ಊಟವೂ ಆಯಿತು. ಸಂಜೆ, ತಣ್ಣಗಾದ ಇಂಜಿನ್ ಕೆಮ್ಮಿ, ಬಿಳಿ ಹೊಗೆ ಉಗುಳಿ, ಕಷ್ಟಪಟ್ಟು ಚಾಲೂ ಆಯಿತು. ಮಾಲೀಕರು ನಕ್ಕುಬಿಟ್ಟರು.

"ತಣ್ಣಗಿದ್ದ ಇಂಜಿನ್ ಚಾಲೂ ಮಾಡೋ ಹೀಟರ್ ಪ್ಲಗ್ ಹೋಗ್ಯಾವ್ರೀ. ಅದಕ್ಕ ಮೊದಲಽ ಬಿಸಿ ಮಾಡಿಟ್ಟಿದ್ದೆ. ಹೊಸಾವು ಹಾಕಿಸಿ ಕೊಡ್ತೀನಿ."

ಉಳಿದದ್ದೆಲ್ಲ ಗಟ್ಟಿಯಾಗಿದೆ. ಸೋಮವಾರ ಕಾರು ನಮ್ಮ ಮನೆಗೆ ಬರುತ್ತದೆ.

ಅಷ್ಟು ಹೊತ್ತು ನಾನೇನು ಪರೀಕ್ಷಿಸಿದೆ ಅಂತೀರಾ? ಬಣ್ಣ ಚೆನ್ನಾಗಿದೆ ಎಂದೆ.