ಬಾಗಿಲು ಹಾಕಿದ್ದ ಗುಡಿಯ ಮುಂದೆ ಮೊದಲ ತುತ್ತು

ಭಕ್ತ ಬಂಧುಗಳೇ, ನಾನು ಓದಿದ್ದು ಏಳನೇ ಕ್ಲಾಸು. ಬರವಣಿಗೆ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನನ್ನ ಮಗಳು ನನ್ನ ಕೈಯಿಂದಲೇ ಸಾಯಬೇಕಿತ್ತು, ಸಾಯಲಿಲ್ಲ. ಅದನ್ನು ಯಾರಿಗೂ ಹೇಳದಿದ್ದರೆ ನನಗೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ.

ನಮ್ಮದು ಬೂಕನಕೆರೆ ಕಡೆಯ ಹಳ್ಳಿ. ಮೊದಲನೆಯ ಗಂಡುಮಗು ಒಂಬತ್ತು ತಿಂಗಳಿಗೇ ಜ್ವರ ಬಂದು ಹೋಗಿಬಿಟ್ಟಿತ್ತು. ಆಮೇಲೆ ಹುಟ್ಟಿದವಳು ಲಕ್ಷ್ಮಿ. ಬಾಣಂತಿ ಕೋಣೆಯಲ್ಲೇ ನಮ್ಮ ಮನೆದೇವರಾದ ತೊಣ್ಣೂರಿನ ನಾರಾಯಣಸ್ವಾಮಿಗೆ ಹರಕೆ ಹೊತ್ತೆ: ಇವಳ ಮೊದಲ ತುತ್ತು ನಿನ್ನ ಮುಂದೆಯೇ, ಅಲ್ಲಿಯ ತನಕ ಹಾಲು ಬಿಟ್ಟು ಬೇರೇನೂ ಮುಟ್ಟಿಸುವುದಿಲ್ಲ.

ಅದು ತೊಂಬತ್ತನಾಲ್ಕನೇ ಇಸವಿ. ಆರು ತಿಂಗಳು ತುಂಬಿ ಹೊರಡಬೇಕೆನ್ನುವಾಗ ದಾಯಾದಿಗಳಲ್ಲಿ ಸಾವಾಗಿ ಸೂತಕ ಬಂತು. ಸೂತಕ ಕಳೆದರೆ ಆಷಾಢ. ಆಷಾಢ ಕಳೆದರೆ ನಾಲೆಗೆ ನೀರು ಬಿಟ್ಟರು, ನಾಟಿ ಕೆಲಸ. ನಾಟಿ ಮುಗಿದರೆ ಪಿತೃಪಕ್ಷ. ನಮ್ಮತ್ತೆ ಮೊಳಕೆ ಕಟ್ಟಿದ ರಾಗಿಯನ್ನು ಹುರಿದು, ಬೀಸಿ, ಬಟ್ಟೆಯಲ್ಲಿ ಸೋಸಿ, ಸರಿಹಿಟ್ಟು ಮಾಡಿ ಡಬ್ಬಿಯಲ್ಲಿಟ್ಟು ಕಾಯುತ್ತಿದ್ದರು. ಹಿಟ್ಟು ಹಳತಾದರೆ ಮತ್ತೆ ಹೊಸದು ಮಾಡುತ್ತಿದ್ದರು.

"ಒಂಚೂರು ರಾಗಿ ಸರಿ ಕಾಸಿ ತಿನ್ಸು ಕಣವ್ವ, ಕೂಸು ಸೊರಗೋಯ್ತಾ ಅದೆ" ಅನ್ನುತ್ತಿದ್ದರು.

"ಸುಮ್ಕಿರಿ ಅತ್ತೆ. ಒಂದ್ನ ಕಳ್ಕಂಡಿವ್ನಿ. ಅರಕೆ ತಪ್ಸಿ ಇನ್ನೊಂದ್ನೂ ಕಳ್ಕಬೇಕಾ?" ಎಂದು ಹರಿಹಾಯ್ದೆ. ನನ್ನ ಹಟ ಊರಿಗೇ ಗೊತ್ತು. ಅವರು ಡಬ್ಬಿಯ ಮುಚ್ಚಳ ಹಾಕಿ ಒಳಕ್ಕೆ ಹೋದರು.

ಕಾರ್ತೀಕದ ಹೊತ್ತಿಗೆ ಮಗು ಕೂತರೆ ಕುಸಿಯುತ್ತಿತ್ತು. ಕೂದಲು ಕೆಂಚಗಾಗಿ ಉದುರಿತು. ಕಾಲು ಹಿಡಿದರೆ ಚರ್ಮವೇ ಕೈಗೆ ಬರುತ್ತಿತ್ತು. ಕೆ.ಆರ್. ಪೇಟೆ ಆಸ್ಪತ್ರೆಗೆ ಎತ್ತಿಕೊಂಡು ಹೋದೆವು. ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, "ಏನೇನು ತಿನ್ನುಸ್ತಿದ್ದೀಯಮ್ಮ?" ಎಂದರು.

"ಎಲ್ಲಾನೂ ತಿಂತದೆ ಸಾ" ಎಂದೆ. ಹರಕೆಯ ಮಾತೆತ್ತಿದರೆ ಬೈಯುತ್ತಾರೆಂಬ ಭಯ. ಅವರು ನನ್ನ ಮಾತು ನಂಬಿ ಟಾನಿಕ್ಕು ಬರೆದರು. ಬಸ್ಸಿನಲ್ಲಿ ವಾಪಸು ಬರುವಾಗ ಮಗು ಅಳಲೂ ಇಲ್ಲ. ಅಳುವುದನ್ನೇ ಅದು ಬಿಟ್ಟು ಎಷ್ಟೋ ದಿನವಾಗಿತ್ತು. ಪಕ್ಕದ ಹೆಂಗಸೊಬ್ಬಳು "ಎಷ್ಟು ಸಾಧು ಮಗ!" ಎಂದಳು. ನಾನು ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿದೆ.

ಮಾರನೆಯ ದಿನ ನೆಂಟರು, ಮುಹೂರ್ತ ಎಲ್ಲ ಬಿಟ್ಟು ಅತ್ತೆಯ ಜೊತೆ ಹೊರಟೆ. ಪಾಂಡವಪುರದಲ್ಲಿ ಬಸ್ಸು ತಪ್ಪಿತು. ತೊಣ್ಣೂರು ಮುಟ್ಟಿದಾಗ ನಡುಮಧ್ಯಾಹ್ನ. ಗುಡಿ ಬಾಗಿಲು ಹಾಕಿತ್ತು. ಮತ್ತೆ ತೆಗೆಯುವುದು ಸಂಜೆಗಂತೆ.

ಅತ್ತೆಯನ್ನು ಮೆಟ್ಟಿಲ ಮೇಲೆ ಕೂರಿಸಿ ಮಗುವನ್ನು ಅವರ ಮಡಿಲಿಗೆ ಹಾಕಿದೆ. ಮಗುವಿನ ಕಣ್ಣು ಅರ್ಧ ಮುಚ್ಚಿತ್ತು. ಬಾಗಿಲು ಬಡಿದು ಬಡಿದು ಕೂಗಿದೆ: "ಸ್ವಾಮೀ, ಏನ್ ತಪ್ಪು ಮಾಡ್ದೆ? ಇವ್ಳೂ ಬೇಕಾ ನಿಂಗೆ? ಒಂದ್ ಮಾತಾಡಪ್ಪಾ!"

ಒಳಗಿಂದ ಯಾವ ಸದ್ದೂ ಇಲ್ಲ. ಆಗ ನನಗೆ ದೇವರ ಮೇಲೂ ನಂಬಿಕೆ ಹೋಯಿತು. ಇರುವುದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ಅತ್ತೆ ನೈವೇದ್ಯಕ್ಕೆಂದು ಬೆಲ್ಲ ಹಾಕಿ ಕಾಸಿ ತಂದಿದ್ದ ಸರಿಯ ಡಬ್ಬಿ ತೆಗೆದರು. ನನ್ನ ಮುಖ ನೋಡಲಿಲ್ಲ. ಬೆರಳಿನಲ್ಲಿ ಅದ್ದಿ ಮಗುವಿನ ತುಟಿಗೆ ಸವರಿದರು. ಮಗು ನಾಲಿಗೆ ಚಾಚಿ ನೆಕ್ಕಿತು.

"ಬ್ಯಾಡಿ ಅತ್ತೆ! ಬಾಗ್ಲು ತೆಗೀಲಿ!" ಎಂದು ನಾನು ಅವರ ಕೈಯನ್ನು ಕಿತ್ತು ಸರಿಸಿದೆ.

ಮಗು ಕಿಟಾರನೆ ಅತ್ತಿತು. ಗುಡಿಯ ಅಂಗಳವೆಲ್ಲ ಕೇಳುವಂತೆ, ಕೈ ಚಾಚಿ, ಬಾಯಿ ತೆರೆದು ಅತ್ತಿತು.

"ಮಾತಾಡಪ್ಪ ಅಂದ್ಯಲ್ಲ, ಮಾತಾಡ್ದ. ಕೇಳುಸ್ಕೊ!" ಎಂದರು ಅತ್ತೆ. ಹದಿನಾಲ್ಕು ವರ್ಷಕ್ಕೆ ಸೊಸೆಯಾಗಿ ಬಂದು ಬಾಳೆಲ್ಲ ತಲೆ ತಗ್ಗಿಸಿಯೇ ಇದ್ದ ಹೆಂಗಸು ಅವರು.

ಡಬ್ಬಿ ನನ್ನ ಕೈಗೆ ಬಂತು. ನಾನೇ ತಿನ್ನಿಸಿದೆ. ನನ್ನ ಕಣ್ಣೀರೂ ಅದರೊಳಕ್ಕೆ ಬಿತ್ತು.

ಸಂಜೆ ಬಂದ ಅರ್ಚಕರ ಕಾಲು ಹಿಡಿದು, ಹರಕೆ ತಪ್ಪಿತೆಂದು ನಾನು ಅತ್ತುಬಿಟ್ಟೆ. ಅವರು, "ನಾವು ದಿನಾ ನೈವೇದ್ಯ ಇಡೋದು ಅನ್ನ ಕಣಮ್ಮ. ಮಗುವಿನ ಹಸಿವನ್ನ ಅವನು ಯಾವತ್ತು ಕೇಳಿದ್ದ?" ಎಂದು ತುಳಸಿ ಕೊಟ್ಟರು.

ಅಲ್ಲಿಂದ ಸೀದಾ ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ನಿಜ ಹೇಳಿದೆ. ಚೆನ್ನಾಗಿ ಉಗಿದರು. ವಾರ್ಡಿನಲ್ಲಿಟ್ಟುಕೊಂಡು, ಸ್ವಲ್ಪ ಸ್ವಲ್ಪವೇ, ಹೊತ್ತು ಹೊತ್ತಿಗೆ ಸರಿ, ಬೇಳೆಕಟ್ಟು, ಕಿವುಚಿದ ಬಾಳೆಹಣ್ಣು ತಿನ್ನಿಸುವುದನ್ನು ಕಲಿಸಿದರು. ಲಕ್ಷ್ಮಿ ಎರಡು ವರ್ಷ ದಾಟಿದ ಮೇಲೆ ನಡೆದಳು. ಈಗ ಒಂದನೇ ಕ್ಲಾಸು. ಓರಗೆಯವರಲ್ಲಿ ಇವಳೇ ಕುಳ್ಳಿ. ಸಾಲಿನಲ್ಲಿ ಅವಳು ಮುಂದೆ ನಿಂತಿರುವುದನ್ನು ಕಂಡಾಗಲೆಲ್ಲ ನನ್ನ ಹಟವೇ ಎದುರಿಗೆ ನಿಂತಂತಾಗುತ್ತದೆ.

ಅತ್ತೆ ಈಗಿಲ್ಲ. ಕಾರ್ತೀಕದಲ್ಲಿ ನಾನು ತೊಣ್ಣೂರಿಗೆ ಹೋಗುವುದನ್ನು ತಪ್ಪಿಸುವುದಿಲ್ಲ. ಬೇಕೆಂದೇ ಮಧ್ಯಾಹ್ನ, ಬಾಗಿಲು ಹಾಕಿರುವಾಗ ಹೋಗುತ್ತೇನೆ. ಮೆಟ್ಟಿಲ ಮೇಲೆ ಕೂತು ಅವರ ಡಬ್ಬಿ ತೆಗೆದು, ಅಲ್ಲಿ ಯಾರ ಮಗು ಇದ್ದರೂ ಕರೆದು ತಿನ್ನಿಸುತ್ತೇನೆ. ಆಮೇಲೆ ಬಾಗಿಲಿಗೆ ಕೈಮುಗಿದು, ಸಂಜೆಯ ತನಕ ಕಾಯದೆ ಬಸ್ಸು ಹತ್ತುತ್ತೇನೆ.